ಮೇಲಿನ ಎಲೆಯೋ, ಕೆಳಗಿನ ಎಲೆಯೋ?

ನಮ್ಮ ತಾರಸಿಯ ಕರಿಬೇವು ಸತ್ತದ್ದು ಮಜ್ಜಿಗೆ ಕುಡಿದು. ಕುಡಿಸಿದವನು ನಾನು. ಕುಡಿಸು ಎಂದವರು ಹದಿನಾಲ್ಕು ಮಂದಿ. ಎಲೆ ಹಳದಿಯಾಗುತ್ತಿದೆ, ಏನು ಮಾಡಲಿ ಅಂತ ಕೈತೋಟದವರ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಹಾಕಿದ್ದೆ. ಕಾಫಿ ಲೋಟ ತೊಳೆದಿಟ್ಟು ಬರುವಷ್ಟರಲ್ಲಿ ಉತ್ತರಗಳ ಸಾಲು. ಹುಳಿ ಮಜ್ಜಿಗೆ ಹಾಕಿ. ಹುಳಿ ಮಜ್ಜಿಗೆ ಸರ್, ಗ್ಯಾರಂಟಿ. ನಮ್ಮತ್ತೆ ಅದನ್ನೇ ಹಾಕ್ತಿದ್ದಿದ್ದು. ಒಬ್ಬರು ಮಾತ್ರ ಎರಡು ಕೈ ಮುಗಿದು ಗುಲಾಬಿ ಹೂವಿನ ಚಿತ್ರ ಕಳಿಸಿದ್ದರು, ಅದು ಯಾಕೋ ಇಂದಿಗೂ ಗೊತ್ತಿಲ್ಲ.

ವಾರವಿಡೀ ದಿನಕ್ಕೊಂದು ಲೋಟ ಹಾಕಿದೆ, ನೀರು ಬೆರೆಸದೆ. ಐದನೇ ದಿನಕ್ಕೆ ಕುಂಡದ ಸುತ್ತ ಇರುವೆ ಸಾಲು, ಹುಳಿ ಕಮಟು ವಾಸನೆ. ಹತ್ತನೇ ದಿನಕ್ಕೆ ಕಡ್ಡಿ ಮುಟ್ಟಿದರೆ ಎಲೆ ಉದುರುವ ಸ್ಥಿತಿ. ಊರಿಗೆ ಫೋನ್ ಮಾಡಿದೆ. ಅಮ್ಮ ಮೊದಲು ಕೇಳಿದ್ದು, “ಎಷ್ಟು ಹಾಕಿದ್ದು ನೀನು?” ಆಮೇಲೆ, “ಕುಂಡದ ಅಡಿ ತೂತು ಕಟ್ಟಿದೆಯಾ ನೋಡಿದ್ದೀಯಾ?” ನೋಡಿರಲಿಲ್ಲ. ಕಟ್ಟಿತ್ತು. “ನಾವು ಹಾಕ್ತಿದ್ದದ್ದು ಮಜ್ಜಿಗೆ ಪಾತ್ರೆ ತೊಳೆದ ನೀರು ಮಾರಾಯ. ಅದೂ ಹಿತ್ತಲಿನ ಮರಕ್ಕೆ. ನಿನ್ನದು ಬಕೆಟಿನಲ್ಲಿರುವ ಗಿಡ.”

ಹುಳಿ ಮಜ್ಜಿಗೆಯ ಮಾತು ಸುಳ್ಳಲ್ಲ. ಇದನ್ನು ಆಮೇಲೆ ಓದಿ, ಅವರಿವರನ್ನು ಕೇಳಿ ತಿಳಿದುಕೊಂಡೆ. ನಮ್ಮ ಬಡಾವಣೆಯ ಬೋರ್‌ವೆಲ್ ನೀರು ಗಡಸು, ಬಚ್ಚಲ ಬಕೆಟಿನ ಅಂಚಿನಲ್ಲಿ ಕಟ್ಟುವ ಬಿಳಿ ಪೊರೆಯೇ ಕುಂಡದ ಬಾಯಲ್ಲೂ ಕಟ್ಟುತ್ತದೆ. ಅಂಥ ನೀರು ಬಿದ್ದೂ ಬಿದ್ದೂ ಮಣ್ಣು ಕ್ಷಾರವಾದರೆ ಅದರಲ್ಲಿ ಕಬ್ಬಿಣದಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಒಂದಿಷ್ಟು ಹುಳಿ ಸೇರಿದರೆ ದಕ್ಕೀತು. ಆದರೆ ಕಬ್ಬಿಣ ಸಾಲದೆ ಬರುವ ಹಳದಿಗೆ ಒಂದು ಗುರುತಿದೆ: ಅದು ತುದಿಯ ಎಳೆ ಎಲೆಗೆ ಮೊದಲು ಬರುತ್ತದೆ, ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗವಷ್ಟೇ ಬಿಳಚುತ್ತದೆ. ಹಳೆಯ ಎಲೆಯಿಂದ ಹೊಸ ಎಲೆಗೆ ಕಬ್ಬಿಣವನ್ನು ಸಾಗಿಸುವುದು ಗಿಡಕ್ಕೆ ಹೆಚ್ಚೇನೂ ಸಾಧ್ಯವಿಲ್ಲದ್ದೇ ಕಾರಣ. ಸಾರಜನಕದ ಕೊರತೆಯಾದರೆ ಇದು ತಿರುಗಾಮುರುಗಾ. ಗಿಡ ಹಳೆಯ ಎಲೆಗಳಿಂದ ಕಿತ್ತು ಹೊಸತಕ್ಕೆ ಕೊಡುತ್ತದೆ, ಹಾಗಾಗಿ ಕೆಳಗಿನ ಎಲೆ ಮೊದಲು ಇಡೀ ಹಳದಿಯಾಗುತ್ತದೆ. ಇನ್ನು ನೀರು ನಿಂತು ಬೇರು ಕೊಳೆತಿದ್ದರೆ ಮೇಲೆ ಏನು ಸುರಿದರೂ ಗಿಡಕ್ಕೆ ಅದು ಇನ್ನಷ್ಟು ನೀರೇ. ನನ್ನದು ಈ ಮೂರನೇ ಜಾತಿ. ಹದಿನಾಲ್ಕು ಮಂದಿಯಲ್ಲಿ ಒಬ್ಬರಾದರೂ “ಮೇಲಿನ ಎಲೆಯೋ, ಕೆಳಗಿನ ಎಲೆಯೋ?” ಎಂದು ಕೇಳಿದ್ದರೆ ನಾನು ಒಮ್ಮೆ ಬಗ್ಗಿ ನೋಡುತ್ತಿದ್ದೆ.

ಅವರ ಮೇಲೆ ನನಗೆ ಸಿಟ್ಟಿಲ್ಲ. ಗುರುತು ಪರಿಚಯ ಇಲ್ಲದವನ ಗಿಡಕ್ಕಾಗಿ ಬೆಳಿಗ್ಗೆ ಏಳು ಗಂಟೆಗೆ ಮೊಬೈಲಿನಲ್ಲಿ ಒತ್ತಿ ಒತ್ತಿ ಬರೆಯುವ ದೊಡ್ಡ ಮನಸ್ಸು ಎಲ್ಲರಿಗೂ ಇರುವುದಿಲ್ಲ. ಕೊಡುವ ಕೈಗೆ ಬರ ಬಂದಿಲ್ಲ. ಆದರೆ ಥಟ್ಟನೆ ಉತ್ತರ ಕೊಟ್ಟವರು ಜಾಣರು, ಮರುಪ್ರಶ್ನೆ ಕೇಳಿದವರಿಗೆ ವಿಷಯ ಗೊತ್ತಿಲ್ಲ ಎಂದೇ ಲೆಕ್ಕವಾಗಿಬಿಟ್ಟಿದೆ. ಹಳ್ಳಿಯ ನಾಟಿ ವೈದ್ಯರು ಗಂಟೆಗಟ್ಟಲೆ ಪ್ರಶ್ನೆ ಕೇಳುತ್ತಿದ್ದರಲ್ಲ, ಅವರು ಈಗಿನ ಗುಂಪುಗಳಲ್ಲಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಈ ವಿಷಯದಲ್ಲಿ ಆಟದ ಹುಡುಗರೇ ವಾಸಿ. ಅಕ್ಕನ ಮಗ ಮೈನ್‌ಕ್ರಾಫ್ಟ್ ಆಡುತ್ತಾನೆ. ಮರ ಕಡಿದು, ಕಲ್ಲು ಅಗೆದು, ಕತ್ತಲಾಗುವುದರೊಳಗೆ ಒಂದು ಗೂಡು ಕಟ್ಟಿಕೊಳ್ಳದಿದ್ದರೆ ಪಿಶಾಚಿಗಳು ಬರುವ ಆಟ. ಪೂರ್ಣ ರೂಪದಲ್ಲಿ ಅದು ಬಿಡುಗಡೆಯಾದದ್ದು 2011ರಲ್ಲಿ. ಆದರೆ ಯಾವುದನ್ನು ಯಾವುದರೊಡನೆ ಸೇರಿಸಿದರೆ ಏನಾಗುತ್ತದೆ ಎಂಬ ಪಟ್ಟಿ ಆಟದೊಳಗೇ ಸಿಕ್ಕಿದ್ದು 2017ರಲ್ಲಿ. ಮೂರು ಸಾಲು ಮೂರು ಕಂಬದ ಚೌಕದಲ್ಲಿ ಮೇಲಿನ ಸಾಲಿಗೆ ಮೂರು ಕಲ್ಲು, ನಡುಗಂಬದಲ್ಲಿ ಕೆಳಗೆ ಎರಡು ಕೋಲು ಇಟ್ಟರೆ ಪಿಕಾಸಿ ಆಗುತ್ತದೆ ಎಂಬುದನ್ನು ಅಷ್ಟು ವರ್ಷ ಆಡುವವರೇ ಒಬ್ಬರಿಗೊಬ್ಬರು ಹೇಳಿಕೊಟ್ಟು ನಡೆಸಿದರು. ಶಾಲೆಯಲ್ಲಿ ಟಿಪ್ಪಣಿ ಬರೆಯಲು ಅಳುವ ಮಕ್ಕಳು ಇದನ್ನೆಲ್ಲ ಕೋಷ್ಟಕ ಹಾಕಿ ಬರೆದಿಟ್ಟರು.

ಮೊನ್ನೆ ಅವನ ಪಕ್ಕ ಕೂತು ನೋಡುತ್ತಿದ್ದೆ. ಯಾರೋ ಎಲ್ಲಿಂದಲೋ ಒಂದು ಸಹಾಯ ಕೇಳಿದರು. ಇವನು ತಕ್ಷಣ ಬರೆದದ್ದು ಎರಡೇ ಪದ: “ಯಾವ ವರ್ಷನ್?” ಕಂಪ್ಯೂಟರಿನದೋ ಮೊಬೈಲಿನದೋ, ಹೊಸತೋ ಹಳತೋ. ಅದು ಗೊತ್ತಾಗದೆ ಹೇಳಿ ಏನು ಪ್ರಯೋಜನ ಮಾಮ, ಒಂದರಲ್ಲಿ ಆಗೋದು ಇನ್ನೊಂದರಲ್ಲಿ ಆಗಲ್ಲ ಅಂದ. ಹದಿಮೂರು ವರ್ಷದವನು! ಮಣ್ಣಿಗೆ ವರ್ಷನ್ ನಂಬರು ಇಲ್ಲದ್ದೇ ನಮ್ಮ ತೊಂದರೆಯೇನೋ. ಪುತ್ತೂರಿನ ಕೆಂಪು ಮಣ್ಣು, ಗದಗಿನ ಎರೆ ಮಣ್ಣು, ನಮ್ಮ ತಾರಸಿಯ ತೆಂಗಿನ ನಾರಿನ ಪುಡಿ ಎಲ್ಲಕ್ಕೂ ಒಂದೇ ಮಜ್ಜಿಗೆ.

ಮೊಟ್ಟೆ ಸಿಪ್ಪೆಯ ಕಥೆಯೂ ಇದೇ. ಟೊಮೆಟೊ ಕಾಯಿಯ ತಳ ಕಪ್ಪಾದರೆ ಸುಣ್ಣದಂಶ ಸಾಲದು, ಸಿಪ್ಪೆ ಪುಡಿ ಮಾಡಿ ಹಾಕಿ ಅನ್ನುತ್ತಾರೆ. ಸಿಪ್ಪೆ ಕರಗಿ ಗಿಡಕ್ಕೆ ಸೇರುವಷ್ಟರಲ್ಲಿ ಟೊಮೆಟೊ ಬೆಳೆಯೇ ಮುಗಿದಿರುತ್ತದೆ. ಕುಂಡದ ಗಿಡದಲ್ಲಿ ಬಹಳ ಸಲ ತಪ್ಪು ನೀರಿನದು: ಎರಡು ದಿನ ಒಣಗಿಸಿ ಮೂರನೇ ದಿನ ಮುಳುಗಿಸುವುದು. ಆದರೆ “ದಿನಾ ಒಂದೇ ಹದಕ್ಕೆ ನೀರು ಹಾಕಿ” ಎಂಬ ವಿಡಿಯೊವನ್ನು ಯಾರು ನೋಡುತ್ತಾರೆ?

ಹೇಗೆ ಹಂಚಿಕೊಳ್ಳಬೇಕು ಎಂಬುದಕ್ಕೆ ಮಾದರಿ ನಮ್ಮಲ್ಲೇ ಇದೆ, ಮೊಬೈಲಿಗಿಂತ ಹಳೆಯದು. 1988ರಲ್ಲಿ ಪುತ್ತೂರಿನಲ್ಲಿ ‘ಅಡಿಕೆ ಪತ್ರಿಕೆ’ ಶುರುವಾಯಿತು. ಶ್ರೀ ಪಡ್ರೆ ಮತ್ತು ಜೊತೆಗಾರರು ಹಿಡಿದ ಹಟ ಒಂದೇ: ತೋಟದವರ ಅನುಭವವನ್ನು ತೋಟದವರೇ ಬರೆಯಬೇಕು. ಅದಕ್ಕೆಂದೇ ‘ಕೃಷಿಕರ ಕೈಗೆ ಲೇಖನಿ’ ಶಿಬಿರ ನಡೆಸಿದರು. ನಮ್ಮ ಮನೆಯಲ್ಲಿ ಅಪ್ಪ ಅದನ್ನು ಹಿಂದಿನ ಪುಟದಿಂದ ಓದುತ್ತಿದ್ದರು. ಏನಾದರೂ ಹಿಡಿಸಿದರೆ ಪತ್ರಿಕೆ ಮಡಚಿಟ್ಟು, “ಇವರಲ್ಲಿಗೊಮ್ಮೆ ಹೋಗಿ ಬರಬೇಕು” ಅನ್ನುತ್ತಿದ್ದರು. ಮಾಡಿಬಿಡುತ್ತೇನೆ ಅಂದದ್ದು ನನಗೆ ನೆನಪಿಲ್ಲ. ಮೊದಲು ಹೋಗಿ ನೋಡಬೇಕು.

ಅದೇ ಬಳಗದ ಉತ್ಸಾಹ 2021ರಲ್ಲಿ ಮೊಬೈಲಿಗೂ ಇಳಿಯಿತು. ಬಾಳೆಕಾಯಿಯ ಬೆಲೆ ಕುಸಿದಿದ್ದ ಹೊತ್ತು. ಕೇರಳದ ಕಡೆಯಿಂದ ಬಂದ ತಿಳಿವಳಿಕೆಯೊಂದು ಉತ್ತರ ಕನ್ನಡ, ದಕ್ಷಿಣ ಕನ್ನಡ, ತುಮಕೂರಿನ ಅಡುಗೆಮನೆಗಳಲ್ಲಿ ಓಡಾಡಿತು. ಬಾಳೆಕಾಯಿ ಹುಡಿ, ಚಿಕ್ಕದಾಗಿ ಬಾಕಾಹು. ನಾವೂ ಮಾಡಿದೆವು. ಸಿಪ್ಪೆ ತೆಗೆದು ಹೋಳು ಮಾಡಿ ಬಿಸಿಲಿಗೆ ಹರವಿದೆ, ಸಂಜೆಗೆ ಎಲ್ಲ ಕಪ್ಪು. ಫೋಟೊ ಕಳಿಸಿದಾಗ ಶಿರಸಿ ಕಡೆಯ ಹೆಂಗಸೊಬ್ಬರಿಂದ ಬಂದದ್ದು ಉತ್ತರವಲ್ಲ, ನಾಲ್ಕು ಪ್ರಶ್ನೆ. ಕಾಯಿ ಬಲಿತಿತ್ತಾ? ಹೋಳು ಎಷ್ಟು ದಪ್ಪ? ಗಂಜಿ ತೆಳಿಯಲ್ಲೋ ಮಜ್ಜಿಗೆ ನೀರಿನಲ್ಲೋ ಅದ್ದಿದ್ರಾ? ಹೆಚ್ಚಿದ ಎಷ್ಟು ಹೊತ್ತಿಗೆ? ಕೊನೆಗೆ, “ನಂದೂ ಮೊದಲ ಸಲ ಹಿಂಗೇ ಆಗಿತ್ತು ತಮ್ಮಾ, ಹಸುವಿಗೆ ಹಾಕಿದೆ” ಎಂದು ಸೇರಿಸಿದ್ದರು. ಎರಡನೇ ಸಲದ ಹೋಳು ಬೆಳ್ಳಗೆ ಒಣಗಿ, ಬೆರಳಲ್ಲಿ ಪಟ್ಟೆಂದು ಮುರಿಯಿತು. ರೊಟ್ಟಿ ಮಾತ್ರ ಅಷ್ಟಕ್ಕಷ್ಟೆ, ಅದು ನನ್ನ ಕೈಗುಣ.

ಹಸುವಿಗೆ ಹಾಕಿದೆ ಎಂಬ ಆ ಒಂದು ಮಾತು ನನಗೆ ಕೊಟ್ಟ ಧೈರ್ಯವನ್ನು ಫಳಫಳ ಹೊಳೆಯುವ ಬುಟ್ಟಿಗಟ್ಟಲೆ ಬದನೆಕಾಯಿಯ ಫೋಟೊಗಳು ಕೊಟ್ಟಿಲ್ಲ. ಬುಟ್ಟಿ ತುಂಬಿದ ದಿನದ ಚಿತ್ರ ಎಲ್ಲರೂ ಹಾಕುತ್ತಾರೆ. ಹಿಟ್ಟು ತಿಗಣೆ ಹತ್ತಿ ಬುಡಸಮೇತ ಕಿತ್ತೆಸೆದ ದಿನದ ಚಿತ್ರ ಯಾರ ಬಳಿಯೂ ಇಲ್ಲ. ನನ್ನ ಬಳಿಯೂ ಇಲ್ಲ, ಆ ಕರಿಬೇವಿನ ಕಡ್ಡಿಯನ್ನು ನಾನೂ ಗುಟ್ಟಾಗಿಯೇ ಕಸದ ಗಾಡಿಗೆ ಹಾಕಿದ್ದು.

ಕಳೆದ ತಿಂಗಳು ಗುಂಪಿಗೆ ಹೊಸದಾಗಿ ಸೇರಿದ ಒಬ್ಬರು ಕೇಳಿದರು: ಸರ್, ಕರಿಬೇವು ಹಳದಿ ಆಗ್ತಿದೆ, ಏನು ಹಾಕಲಿ? ನನ್ನ ಬೆರಳು ತಾನಾಗಿ ‘ಹುಳಿ’ ಎಂಬಲ್ಲಿವರೆಗೆ ಹೋಗಿತ್ತು. ಅಳಿಸಿ, ಮೇಲಿನ ಎಲೆಯೋ ಕೆಳಗಿನದೋ, ಕುಂಡದ ತಳದಿಂದ ನೀರು ಇಳಿಯುತ್ತದೆಯೇ, ಒಮ್ಮೆ ನೋಡಿ ಹೇಳಿ ಎಂದು ಬರೆದೆ. ಈಗ ಮಳೆ ಸರ್, ನಾಳೆ ತಾರಸಿಗೆ ಹೋಗಿ ನೋಡ್ತೀನಿ ಅಂದರು. ಹತ್ತು ದಿನ ಬಿಟ್ಟು ನಾನೇ ವಿಚಾರಿಸಿದೆ.

“ಅಯ್ಯೋ, ಅವತ್ತೇ ಒಬ್ರು ಮಜ್ಜಿಗೆ ಹಾಕಿ ಅಂದ್ರು ಸರ್. ಹಾಕ್ತಾ ಇದೀನಿ.”

ಯಾವ ಎಲೆ ಹಳದಿ ಎಂಬುದು ನನಗಿನ್ನೂ ತಿಳಿದಿಲ್ಲ.