ರಜಾ ದಿನದ ಮಾತು: ಅಪ್ಪಾ, ಜಿಲೇಬಿ ಹಾಕು!

ರೆಡ್ಮಂಡಿನಲ್ಲಿ ನವೆಂಬರ್ ಬಂತು ಅಂದ್ರೆ ಸಂಜೆ ನಾಲ್ಕೂವರೆಗೆಲ್ಲ ಕತ್ತಲು, ಜೊತೆಗೆ ಬಿಡದ ಜಿಟಿಜಿಟಿ ಮಳೆ. ಬೇಸಿಗೆಯಲ್ಲಿ ಮೇರಿಮೂರ್ ಪಾರ್ಕಿನಲ್ಲಿ ಕ್ರಿಕೆಟ್ ಆಡುವ ನಮ್ಮವರೆಲ್ಲ ಬ್ಯಾಟು ಪ್ಯಾಡು ಕಟ್ಟಿಟ್ಟು ಮನೆ ಸೇರ್ತಾರೆ. ಆಮೇಲೆ ಮಾರ್ಚ್‌ವರೆಗೂ ಟಿವಿ ಮುಂದಿನ ಆಟವೇ ಗತಿ. ಅದಕ್ಕೇ ಈ ತಿಂಗಳು ಆ ಆಟದ್ದೇ ಮಾತು. ಬೇಸ್‌ಬಾಲ್ ವಿಡಿಯೊ ಗೇಮಿನಲ್ಲಿ ನಿಮ್ಮ ಮೆಚ್ಚಿನ ಪಿಚ್ ಯಾವುದು?

ಈ ಪ್ರಶ್ನೆಯನ್ನು ನಮ್ಮಲ್ಲೊಬ್ಬರಿಗೆ ಅವರ ಹತ್ತು ವರ್ಷದ ಮಗ ಕೇಳಿದ್ದ. ಇವರು ಹಿಂದೆಮುಂದೆ ನೋಡದೆ "ಚಿನ್ನಸ್ವಾಮಿ" ಅಂದುಬಿಟ್ಟರು. ಹುಡುಗ ಪಿಳಿಪಿಳಿ ನೋಡಿದ. ನಮಗೆ ಪಿಚ್ ಅಂದ್ರೆ ಇಪ್ಪತ್ತೆರಡು ಗಜದ ನೆಲ. ಇಲ್ಲಿಯವರಿಗೆ ಪಿಚ್ ಅಂದ್ರೆ ಎಸೆತ. ಒಂದೇ ಮನೆಯಲ್ಲಿ ಅಪ್ಪನ ಪಿಚ್ ಬೇರೆ, ಮಗನ ಪಿಚ್ ಬೇರೆ.

ಎರಡೂ ಆಟಗಳ ಲೆಕ್ಕ ಮಾತ್ರ ತೀರಾ ದೂರದ್ದಲ್ಲ. ಬೇಸ್‌ಬಾಲಿನಲ್ಲಿ ಎಸೆಯುವವನಿಗೂ ಹೋಮ್ ಪ್ಲೇಟಿಗೂ ನಡುವೆ 60 ಅಡಿ 6 ಅಂಗುಲ. ನಮ್ಮ ಕ್ರಿಕೆಟ್ಟಿನಲ್ಲಿ ವಿಕೆಟ್ಟಿಗೂ ವಿಕೆಟ್ಟಿಗೂ 66 ಅಡಿ. ಮುಖ್ಯ ವ್ಯತ್ಯಾಸ ಏನಪ್ಪಾ ಅಂದ್ರೆ ಅಲ್ಲಿ ಚೆಂಡು ನೆಲಕ್ಕೆ ಬೀಳುವುದಿಲ್ಲ. ಬಿರುಕು, ಇಬ್ಬನಿ, ಸವೆದ ಮಣ್ಣು ಯಾವುದೂ ಸಹಾಯಕ್ಕೆ ಬರೋದಿಲ್ಲ. ಮೋಸ ಏನಿದ್ದರೂ ಗಾಳಿಯಲ್ಲೇ ಆಗಬೇಕು. ಅದಕ್ಕೇ ಅಲ್ಲಿ ಎಸೆತಗಳಿಗೆ ಅಷ್ಟೊಂದು ಹೆಸರು.

ನಮ್ಮ ಊರಿಗೂ ಈ ಗೇಮಿಗೂ ಇರುವ ನಂಟು ಗೊತ್ತಾ? ರೆಡ್ಮಂಡ್ ಅಂದ ಕೂಡಲೇ ಊರಲ್ಲಿ ಎಲ್ಲರೂ "ಮೈಕ್ರೋಸಾಫ್ಟಾ?" ಅಂತಾರೆ. ನಿಂಟೆಂಡೊ ಕಂಪನಿಯ ಅಮೆರಿಕದ ಮುಖ್ಯ ಕಚೇರಿಯೂ ಇಲ್ಲೇ ಇದೆ. 1992ರಲ್ಲಿ ಸಿಯಾಟಲ್ ಮ್ಯಾರಿನರ್ಸ್ ತಂಡ ಊರು ಬಿಟ್ಟು ಫ್ಲಾರಿಡಾಕ್ಕೆ ಹೋಗುತ್ತದೆ ಅನ್ನುವ ಹೊತ್ತಿಗೆ ಅದನ್ನು ಕೊಳ್ಳಲು ಮುಂದೆ ಬಂದವರು ಜಪಾನಿನ ನಿಂಟೆಂಡೊ ಅಧ್ಯಕ್ಷ ಹಿರೋಶಿ ಯಮೌಚಿ. "ಹೊರಗಿನವರ ಕೈಗೆ ನಮ್ಮ ಆಟವೇ?" ಅಂತ ಬೇಸ್‌ಬಾಲಿನ ದೊಡ್ಡವರು ಕೊಂಚ ದಿನ ಮುಖ ಸಿಂಡರಿಸಿದರು. ಕೊನೆಗೆ ಅವರ ಮತದ ಪಾಲು ಅರ್ಧಕ್ಕಿಂತ ಕಡಿಮೆ ಇರಬೇಕು ಅಂತ ಷರತ್ತು ಹಾಕಿ ಒಪ್ಪಿದರು. ತಂಡ ಸಿಯಾಟಲ್‌ನಲ್ಲೇ ಉಳಿಯಿತು. ಯಮೌಚಿ ಮಾತ್ರ ತಮ್ಮ ತಂಡದ ಒಂದು ಆಟವನ್ನೂ ಮೈದಾನಕ್ಕೆ ಬಂದು ನೋಡಲಿಲ್ಲ ಅಂತಾರೆ. 1994ರಲ್ಲಿ ನಿಂಟೆಂಡೊ ಮ್ಯಾರಿನರ್ಸ್‌ನ ಕೆನ್ ಗ್ರಿಫಿ ಜೂನಿಯರ್ ಹೆಸರಿನಲ್ಲೇ ಒಂದು ಬೇಸ್‌ಬಾಲ್ ಗೇಮ್ ತಂದಿತು. ಆಟಗಾರರ ಸಂಘದ ಪರವಾನಗಿ ಇರದ ಕಾರಣ ಅದರಲ್ಲಿ ನಿಜವಾದ ಹೆಸರು ಗ್ರಿಫಿಯದೊಂದೇ, ಮಿಕ್ಕವರದೆಲ್ಲ ಕಟ್ಟಿದ ಹೆಸರು. ಹೊರಗಿನಿಂದ ಬಂದವರು, ಷರತ್ತಿನ ಮೇಲೆ ಉಳಿದವರು ಅಂದ್ರೆ ನಮಗೆ ಹೆಚ್ಚು ವಿವರಿಸಬೇಕಿಲ್ಲ, ಅಲ್ವಾ?

ಈಗ ಆ ಅಪ್ಪ ಮಗನ ಕಥೆಗೆ ಬರೋಣ. ಹೇಳಲು ಅವರ ಒಪ್ಪಿಗೆ ಇದೆ, ಹೆಸರು ಬೇಡ ಅಂದಿದ್ದಾರೆ.

ಹೋದ ವರ್ಷ ಚಳಿಗಾಲದಲ್ಲಿ ಅವರ ಕೆಲಸ ಹೋಯಿತು. ಎಚ್-1ಬಿ ಇದ್ದವರಿಗೆ ಗೊತ್ತು: ಕೆಲಸದ ಕೊನೆಯ ದಿನದಿಂದ ಹೆಚ್ಚೆಂದರೆ 60 ದಿನ. ಐ-94 ಅದಕ್ಕೂ ಮೊದಲೇ ಮುಗಿಯುವುದಾದರೆ ಅಷ್ಟೂ ಇಲ್ಲ. ಅಷ್ಟರೊಳಗೆ ಹೊಸ ಕಂಪನಿ ಅರ್ಜಿ ಹಾಕಬೇಕು, ಇಲ್ಲಾಂದ್ರೆ ಬೇರೆ ದಾರಿ ನೋಡಬೇಕು, ಇಲ್ಲವೇ ಹೊರಡಬೇಕು. ಹಗಲೆಲ್ಲ ಅರ್ಜಿ, ಫೋನು, ಇಂಟರ್ವ್ಯೂ. ಸಂಜೆ ಆರಕ್ಕೆ ಲ್ಯಾಪ್‌ಟಾಪ್ ಮುಚ್ಚಿದರೆ ಏನು ಮಾಡಬೇಕೋ ತೋಚದು. ಆಗ ಕೈಗೆ ಸಿಕ್ಕಿದ್ದು ಯಾರೋ ಗರಾಜ್ ಸೇಲಿನಲ್ಲಿ ಐದು ಡಾಲರಿಗೆ ಕೊಟ್ಟಿದ್ದ ಹಳೇ ವೀ. ಅದರಲ್ಲಿ 2006ರ 'ವೀ ಸ್ಪೋರ್ಟ್ಸ್'.

ಅದರ ಬೇಸ್‌ಬಾಲ್ ಬಹಳ ಸರಳ. ಮೂರೇ ಇನಿಂಗ್ಸ್. ಫೀಲ್ಡಿಂಗ್ ತಾನಾಗಿಯೇ ಆಗುತ್ತದೆ. ರಿಮೋಟಿನ ಪಟ್ಟಿಯನ್ನು ಮಣಿಕಟ್ಟಿಗೆ ಸಿಕ್ಕಿಸಿಕೊಂಡು ಎಸೆದ ಹಾಗೆ ಕೈ ಬೀಸಿದರೆ ಆಯ್ತು. ಎಸೆತ ನಾಲ್ಕು. ಗುಂಡಿ ಒತ್ತದೆ ಬೀಸಿದರೆ ಫಾಸ್ಟ್‌ಬಾಲ್. ಬಿ ಒತ್ತಿದರೆ ಕರ್ವ್, ಎ ಒತ್ತಿದರೆ ಅದಕ್ಕೆ ಎದುರು ದಿಕ್ಕಿಗೆ ತಿರುಗುವ ಸ್ಕ್ರೂಬಾಲ್, ಎರಡೂ ಒತ್ತಿದರೆ ಕೊನೆಗಳಿಗೆಯಲ್ಲಿ ಕೆಳಕ್ಕೆ ಬೀಳುವ ಸ್ಪ್ಲಿಟರ್.

ಮಗನ ಗೆಳೆಯ, ಪಕ್ಕದ ಅಪಾರ್ಟ್‌ಮೆಂಟಿನ ಹುಡುಗ, ದಿನಾ ಸಂಜೆ ಬ್ಯಾಟಿಂಗಿಗೆ ಹಾಜರ್. ಎಸೆಯುವುದು ಅಪ್ಪ. ಯಾವುದನ್ನು ಎಸೆಯಬೇಕು ಅಂತ ಹೇಳುವುದು ಮಗ, ಕ್ಯಾಚರ್ ಥರ. ಇಂಗ್ಲಿಷಿನಲ್ಲಿ ಹೇಳಿದರೆ ಗೆಳೆಯನಿಗೆ ತಿಳಿದುಬಿಡುತ್ತೆ. ಮನೆಯಲ್ಲಿ "ಊಟಕ್ಕೆ ಬಾರೋ" ಅಂದ್ರೆ "ಕಮಿಂಗ್" ಅನ್ನುತ್ತಿದ್ದ ಹುಡುಗ ಕನ್ನಡ ಶುರುಮಾಡಿದ್ದು ಹೀಗೆ. ನೇರ, ಹೊರಗೆ, ಒಳಗೆ, ಕೆಳಗೆ. ನಾಲ್ಕು ಎಸೆತಕ್ಕೆ ನಾಲ್ಕು ಮಾತು.

ಎರಡು ವಾರ ಗೆಲುವೋ ಗೆಲುವು. ಮೂರನೇ ವಾರ "ಕೆಳಗೆ" ಅಂದ ಕೂಡಲೇ ಆ ಹುಡುಗ ಬ್ಯಾಟು ಬೀಸದೆ ಸುಮ್ಮನೆ ನಿಂತ. ಚೆಂಡು ಕೆಳಗೆ ಹೋಗಿ ಬಾಲ್ ಆಯ್ತು. ಮತ್ತೆ "ಕೆಳಗೆ", ಮತ್ತೆ ನಗುತ್ತಾ ನಿಂತ. ಕನ್ನಡ ಅವನಿಗೂ ಬಂದುಬಿಟ್ಟಿತ್ತು! ಅವತ್ತು ರಾತ್ರಿ ಅಪ್ಪ ಮಗ ಅಡುಗೆಮನೆಯಲ್ಲಿ ಅಮ್ಮನನ್ನೂ ಕೂರಿಸಿಕೊಂಡು ಹೊಸ ಸಂಕೇತ ಮಾಡಿದರು. ನೇರ ಬರುವುದು ದೋಸೆ. ಸುತ್ತಿಕೊಂಡು ಹೋಗುವ ಕರ್ವ್ ಜಿಲೇಬಿ. ಅದರ ಉಲ್ಟಾ ಸುತ್ತುವ ಸ್ಕ್ರೂಬಾಲ್ ಚಕ್ಕುಲಿ. ಗಂಟಲಲ್ಲಿ ನಿಲ್ಲದೆ ಸೀದಾ ಕೆಳಗಿಳಿಯುವ ಸ್ಪ್ಲಿಟರ್ ರಾಗಿಮುದ್ದೆ. ಮುದ್ದೆ ಅಮ್ಮನ ಸಲಹೆ. ಅವರು ಮಂಡ್ಯದವರು.

ನಾವು ಅವರ ಮನೆಗೆ ಸಾರು ಅನ್ನ ತಗೊಂಡು ಹೋಗಿದ್ದ ಒಂದು ಸಂಜೆಯೂ ಆಟ ನಡೆದಿತ್ತು. ಅವತ್ತಿಗೆ ನಲವತ್ತೊಂದನೇ ದಿನ. ಮಕ್ಕಳಿಗೆ ಏನೂ ಹೇಳಿಲ್ಲ ಅಂತ ಗಂಡ ಹೆಂಡತಿ ನಮಗೆ ಪಿಸುಮಾತಿನಲ್ಲಿ ಹೇಳಿದ್ದರು. ಮಗ ಟಿವಿಯಿಂದ ಕಣ್ಣು ತೆಗೆಯದೆ ಕೇಳಿದ, "ಅಪ್ಪಾ, ಇನ್ನು ಎಷ್ಟು ಉಳಿದಿದೆ?"

"ಇನ್ನೊಂದು ಇನಿಂಗ್ಸ್ ಕಣೋ."

"ಅದಲ್ಲ. ದಿನ."

ಅವರು ರಿಮೋಟ್ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತರು. ಆಮೇಲೆ "ಹತ್ತೊಂಬತ್ತು" ಅಂದರು. ಹುಡುಗ ತಲೆಯಾಡಿಸಿದ. "ಸರಿ. ಈಗ ಮುದ್ದೆ ಹಾಕು." ಗೆಳೆಯನಿಗೆ ತಿಳಿಯಬಾರದು ಅಂತ ಆ ಪ್ರಶ್ನೆಯನ್ನೂ ಕನ್ನಡದಲ್ಲೇ ಕೇಳಿದ್ದ. ಅವತ್ತಿನಿಂದ ಆ ಮನೆಯಲ್ಲಿ ಲೆಕ್ಕ ಮುಚ್ಚಿಡಲಿಲ್ಲ. ಫ್ರಿಜ್ಜಿನ ಮೇಲೆ ಕ್ಯಾಲೆಂಡರ್ ತೂಗುಹಾಕಿ ದಿನಾ ಮಗನೇ ಒಂದೊಂದು ಗೀಟು ಹಾಕಿದ.

ಸರಿ, ಈಗ ಹೊಸ ಗೇಮ್ ಆಡುವವರಿಗೆ ನಾಲ್ಕು ಮಾತು. 'ಎಂಎಲ್‌ಬಿ ದ ಶೋ' ಸೋನಿಯವರು ಮಾಡುವ ಗೇಮ್. 2021ರಿಂದ ಎಕ್ಸ್‌ಬಾಕ್ಸಿಗೂ 2022ರಿಂದ ಸ್ವಿಚ್ಚಿಗೂ ಬಂದಿದೆ. ಅದರಲ್ಲಿ ನಿಮ್ಮದೇ ಪಿಚರ್‌ನನ್ನು ಮಾಡಿಕೊಂಡು ಎಸೆತಗಳನ್ನು ಆರಿಸಬಹುದು. ಪಟ್ಟಿ ಉದ್ದ ಇದೆ, ಜಾಗ ಇರುವುದು ಐದಕ್ಕೆ. ನಾವು ಮೊದಲ ಸಲ ಕೂತಾಗ ಮಾಡಿದ ತಪ್ಪು ಎಲ್ಲರೂ ಮಾಡುವುದೇ: ತಿರುಗುವುದು, ಬೀಳುವುದು, ಹೊಯ್ದಾಡುವುದು ಎಲ್ಲ ತುಂಬಿಕೊಂಡೆವು. ಯಾವುದೂ ಹಿಡಿತಕ್ಕೆ ಬರದೆ ಎದುರಾಳಿಗಳು ಬ್ಯಾಟೇ ಬೀಸದೆ ನಡೆದುಕೊಂಡು ಬೇಸ್ ತುಂಬಿಸಿದರು. ಈಗ ನಾವು ಆರಿಸುವುದು ಹೀಗೆ.

ಮೊದಲನೆಯದು ಫೋರ್‌ಸೀಮ್ ಫಾಸ್ಟ್‌ಬಾಲ್. ಇದನ್ನು ಬಿಡಲೇಬೇಡಿ. ಚೆಂಡು ಹಿಮ್ಮುಖವಾಗಿ ಸುತ್ತುವುದರಿಂದ ಎಣಿಸಿದಷ್ಟು ಕೆಳಗಿಳಿಯದು, ಬ್ಯಾಟರ್ ಕಣ್ಣಿಗೆ ಮೇಲೆದ್ದ ಹಾಗೆ ಕಾಣುತ್ತದೆ. ದಿನನಿತ್ಯದ ಅನ್ನ ಸಾರು ಇದು.

ಎರಡನೆಯದು ಚೇಂಜಪ್. ಕೈ ಬೀಸು ಫಾಸ್ಟ್‌ಬಾಲಿನದೇ, ವೇಗ ಮಾತ್ರ ಗಂಟೆಗೆ ಎಂಟು ಹತ್ತು ಮೈಲಿ ಕಡಿಮೆ. ನಮ್ಮ ವೆಂಕಟೇಶ್ ಪ್ರಸಾದ್ ನಿಧಾನದ ಲೆಗ್‌ಕಟರ್ ಹಾಕುತ್ತಿದ್ದುದು ನೆನಪಿದೆಯಾ? ಬ್ಯಾಟು ಮೊದಲು ಬಂದು ಚೆಂಡು ಆಮೇಲೆ ಬರುತ್ತಿತ್ತು. ಅದೇ ಉಪಾಯ. ಮ್ಯಾರಿನರ್ಸ್‌ನ ಫೆಲಿಕ್ಸ್ ಹೆರ್ನಾಂಡೆಜ್ ಚೇಂಜಪ್‌ಗೆ ಹೆಸರಾದವರು. 2012ರ ಆಗಸ್ಟ್ 15ರಂದು ಟ್ಯಾಂಪಾ ಬೇ ತಂಡದ ಒಬ್ಬನೇ ಒಬ್ಬನನ್ನೂ ಬೇಸ್ ಮುಟ್ಟಲು ಬಿಡದೆ 1-0 ಅಂತರದಲ್ಲಿ ಪರ್ಫೆಕ್ಟ್ ಗೇಮ್ ಎಸೆದರು.

ಮೂರನೆಯದು ಪಕ್ಕಕ್ಕೆ ಸರಿಯುವುದೊಂದು: ಸ್ಲೈಡರ್ ಅಥವಾ ಕಟರ್. ಆರಡಿ ಹತ್ತಂಗುಲದ ರ‍್ಯಾಂಡಿ ಜಾನ್ಸನ್ ಸಿಯಾಟಲ್‌ನಲ್ಲಿದ್ದಾಗ ಅವರ ಸ್ಲೈಡರಿಗೆ ಎಡಗೈ ಬ್ಯಾಟರ್‌ಗಳು ಹೆದರಿ ನಡುಗುತ್ತಿದ್ದರು. ನಾಲ್ಕನೆಯದು ಕೆಳಗೆ ಬೀಳುವುದೊಂದು: ಕರ್ವ್ ಅಥವಾ ಸ್ಪ್ಲಿಟರ್. ಐದನೆಯದು ನಿಮ್ಮ ಮನಸ್ಸಿನದು. ಚೆಂಡು ಸುತ್ತದೆಯೇ ಹೊಯ್ದಾಡುತ್ತಾ ಬರುವ ನಕಲ್‌ಬಾಲ್ ಬೇಕಾದರೂ ಇಟ್ಟುಕೊಳ್ಳಿ, ಆದರೆ ದಿನಾ ಅದನ್ನೇ ಉಣ್ಣಬೇಡಿ. ಈ ಗೇಮಿನಲ್ಲಿ ಒಂದು ಎಸೆತ ಹೊಡೆಸಿಕೊಂಡರೆ ಆ ಎಸೆತದ ಮೇಲೆ ಪಿಚರ್‌ನ ವಿಶ್ವಾಸವೇ ಕುಗ್ಗುತ್ತದೆ. ಚೆನ್ನಾಗಿ ಬಿದ್ದರೆ ಏರುತ್ತದೆ.

ವೇಗ ಕಡಿಮೆ ಆಯಿತು ಅನ್ನುವವರು ಜೇಮಿ ಮೋಯರ್ ಅವರನ್ನು ನೆನೆಸಿಕೊಳ್ಳಿ. 1996ರಿಂದ 2006ರವರೆಗೆ ಮ್ಯಾರಿನರ್ಸ್‌ನಲ್ಲಿದ್ದರು. ಅವರ ಫಾಸ್ಟ್‌ಬಾಲ್ ಇತರರ ಮುಂದೆ ಎತ್ತಿನಗಾಡಿ. ಆದರೂ ಚೇಂಜಪ್ ಮತ್ತು ಗುರಿಯ ಬಲದಿಂದ ನಲವತ್ತು ದಾಟಿದ ಮೇಲೆ, 2003ರಲ್ಲಿ, ಒಂದೇ ಋತುವಿನಲ್ಲಿ 21 ಆಟ ಗೆದ್ದರು. 2012ರಲ್ಲಿ ಬೇರೆ ತಂಡಕ್ಕೆ ಆಡುತ್ತಾ 49ನೇ ವಯಸ್ಸಿನಲ್ಲೂ ಎರಡು ಗೆದ್ದರು. ನಮ್ಮ ವಯಸ್ಸಿನವರಿಗೆ ಇದಕ್ಕಿಂತ ಬೇರೆ ಟಾನಿಕ್ ಬೇಕಾ?

ಕಥೆ ಏನಾಯಿತು ಅಂತ ಕೇಳ್ತೀರಿ. ಐವತ್ತಮೂರನೇ ದಿನ ಹೊಸ ಕಂಪನಿ ಅರ್ಜಿ ಹಾಕಿತು. ಕೆಲಸ ಡಲ್ಲಾಸಿನಲ್ಲಿ. ಫ್ರಿಜ್ಜಿನ ಕ್ಯಾಲೆಂಡರಿನಲ್ಲಿ ಏಳು ಚೌಕ ಗೀಟಿಲ್ಲದೆ ಉಳಿದವು. ಟ್ರಕ್ಕಿಗೆ ಸಾಮಾನು ಹೇರುವಾಗ ಹುಡುಗ ವೀ ಡಬ್ಬವನ್ನು ತಾನೇ ಎತ್ತಿಕೊಂಡು ಪಕ್ಕದ ಮನೆಗೆ ಹೋಗಿ ಕೊಟ್ಟು ಬಂದ. ರಿಮೋಟ್ ಒಂದನ್ನು ಮಾತ್ರ ತಾನು ಇಟ್ಟುಕೊಂಡ.

ಹೋದ ತಿಂಗಳು ಆ ಗೆಳೆಯ ಹುಡುಗ ಬಸ್ ಸ್ಟಾಪಿನಲ್ಲಿ ನಮ್ಮಲ್ಲೊಬ್ಬರನ್ನು ನಿಲ್ಲಿಸಿ, "ಅಂಕಲ್, ಜಿಲೇಬಿ ಅಂದ್ರೆ ಏನು?" ಅಂತ ಇಂಗ್ಲಿಷಿನಲ್ಲಿ ಕೇಳಿದ. ಭಾನುವಾರ ಅವರ ಅಮ್ಮನಿಗೆ ಹೇಳಿ, ಅಂಗಡಿಯಿಂದ ಕಾಲು ಕೆಜಿ ತಂದುಕೊಟ್ಟೆವು. ಒಂದನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ತಿಂದ. ಮತ್ತೊಂದಕ್ಕೆ ಕೈ ಹಾಕಿದ. ಮುದ್ದೆಯನ್ನೂ ತೋರಿಸಬೇಕಂತೆ, ಅದಕ್ಕೆ ಈ ಶನಿವಾರ ಗೊತ್ತುಮಾಡಿದ್ದೇವೆ.

ನೀವು ದುಬೈಯಲ್ಲಿರಲಿ, ಮಸ್ಕತ್ತಿನಲ್ಲಿರಲಿ, ನ್ಯೂಜೆರ್ಸಿಯಲ್ಲಿರಲಿ, ನಿಮ್ಮ ಮನೆಯ ಗೇಮುಗಳಲ್ಲಿ ಓಡಾಡುವ ಕನ್ನಡದ ಮಾತುಗಳನ್ನು ಪತ್ರಿಕೆಗೆ ಬರೆದು ಕಳಿಸಿ. ಬಂದವುಗಳನ್ನು ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ. ಕೆಲಸ ಹೋದವರು ಇದ್ದರೆ ಒಬ್ಬರೇ ದಿನ ಎಣಿಸಬೇಡಿ, ನಮಗೂ ಒಂದು ಮಾತು ತಿಳಿಸಿ. ಸಾರು ಅನ್ನ ತರ್ತೀವಿ, ಒಂದು ಆಟವನ್ನೂ ಆಡ್ತೀವಿ.