ಶಿರಪುರದ ಬೀಗ, ಬೆಳಗೊಳದ ಒಪ್ಪಂದ

2023ರ ಜನವರಿಯಲ್ಲಿ ಸಮ್ಮೇದ ಶಿಖರಜಿಯನ್ನು ಪ್ರವಾಸಿ ತಾಣ ಮಾಡಬಾರದೆಂದು ದೇಶದ ಊರೂರಲ್ಲಿ ಜೈನರು ಮೆರವಣಿಗೆ ಹೊರಟರು. ದಿಗಂಬರ, ಶ್ವೇತಾಂಬರ ಎಂಬ ಭೇದ ಅಲ್ಲಿ ಕಾಣಲಿಲ್ಲ. ಜನವರಿ 5ರಂದು ಕೇಂದ್ರ ಸರ್ಕಾರ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆ ನೀಡಿತು. ಅದೇ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ವಾಶಿಮ್ ಜಿಲ್ಲೆಯ ಶಿರಪುರದಲ್ಲಿ ಇದೇ ಎರಡು ಪಂಗಡದವರು ಕೈಕೈ ಮಿಲಾಯಿಸಿದರು.

ಶಿರಪುರದ ಅಂತರಿಕ್ಷ ಪಾರ್ಶ್ವನಾಥ ಕ್ಷೇತ್ರದ ವ್ಯಾಜ್ಯ ಹಳೆಯದು. 1905ರಲ್ಲಿ ಎರಡೂ ಕಡೆಯವರು ಕುಳಿತು ಪೂಜೆಗೆ ವೇಳಾಪಟ್ಟಿ ಮಾಡಿಕೊಂಡಿದ್ದರು. ಕೆಲವೇ ವರ್ಷಗಳಲ್ಲಿ ಅದು ಮುರಿದುಬಿತ್ತು. ಆಡಳಿತ ಯಾರದು, ಮೂರ್ತಿಗೆ ಕಟಿಸೂತ್ರ ಇರಬೇಕೇ ಬೇಡವೇ ಎಂಬ ಜಗಳ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿ 1929ರಲ್ಲಿ ತೀರ್ಪಾಯಿತು. ಆದರೂ ಜಗಳ ತಣ್ಣಗಾಗಲಿಲ್ಲ. 1981ರಲ್ಲಿ ಮಂದಿರಕ್ಕೆ ಬೀಗ ಬಿತ್ತು. ನಾಲ್ಕು ದಶಕಗಳ ಮೇಲೆ ಸುಪ್ರೀಂ ಕೋರ್ಟ್ ಆದೇಶದಿಂದ ಬಾಗಿಲು ತೆರೆದ ಕೆಲವೇ ದಿನಗಳಲ್ಲಿ ಈ ಗಲಾಟೆ.

ಯಾರ ಪಕ್ಷ ಸರಿ ಎಂಬುದನ್ನು ನ್ಯಾಯಾಲಯ ನೋಡಿಕೊಳ್ಳಲಿ. ಇರುವೆಯನ್ನೂ ನೋಯಿಸಬಾರದೆಂದು ಕಲಿತ ಮನೆಗಳ ಮಕ್ಕಳು ಹೀಗೇಕೆ ಮಾಡುತ್ತಾರೆ ಎಂಬುದು ನಮ್ಮ ಪ್ರಶ್ನೆ. ಧರ್ಮಶಿಕ್ಷಣ ಸಾಲದು ಎನ್ನುವುದು ಸುಲಭದ ಉತ್ತರ. ಮನಶ್ಶಾಸ್ತ್ರಜ್ಞ ಹೆನ್ರಿ ತಾಜ್‌ಫೆಲ್ ಕಂಡದ್ದು ಬೇರೆ. ನಾಜಿಗಳ ಕೈಯಲ್ಲಿ ತನ್ನ ಕುಟುಂಬವನ್ನು ಕಳೆದುಕೊಂಡಿದ್ದ ಯಹೂದಿ ಆತ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 14-15 ವರ್ಷದ ಶಾಲಾ ಹುಡುಗರನ್ನು ಎರಡು ಗುಂಪು ಮಾಡಿದ; ಯಾವ ಚಿತ್ರಕಾರನ ಚಿತ್ರ ಇಷ್ಟ ಎಂಬುದೇ ಆಧಾರ ಎಂದು ಅವರಿಗೆ ಹೇಳಿದ. ನಿಜಕ್ಕೂ ಅದು ಚೀಟಿ ಎತ್ತಿದಂಥ ವಿಂಗಡಣೆ. ಹಣ ಹಂಚಲು ಹೇಳಿದಾಗ ಹುಡುಗರು ತಮ್ಮ ಗುಂಪಿನವರಿಗೇ ಹೆಚ್ಚು ಕೊಟ್ಟರು. ಅದಕ್ಕಿಂತ ಬೆಚ್ಚಿಬೀಳಿಸುವ ಸಂಗತಿ: ತಮ್ಮವರಿಗೆ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ, ಆ ಕಡೆಯವರಿಗೆ ಇನ್ನೂ ಕಡಿಮೆ ಸಿಗಲಿ ಎಂಬ ಆಯ್ಕೆಯತ್ತ ಅವರು ವಾಲಿದರು. 1970ರಲ್ಲಿ ಪ್ರಕಟವಾದ ಈ ಪ್ರಯೋಗ ಓದಿದವರಿಗೆ ಶಿರಪುರ ವಿಚಿತ್ರವೆನಿಸದು. ನಾಲ್ವತ್ತು ವರ್ಷ ಯಾರಿಗೂ ಸರಿಯಾಗಿ ಪೂಜೆ ಇಲ್ಲದಿದ್ದರೂ ಸರಿ, ಅವರಿಗೆ ಸಿಗಬಾರದು ಎಂಬುದೂ ಅದೇ ಲೆಕ್ಕ.

ಶಿಖರಜಿಯ ಒಗ್ಗಟ್ಟು ಸುಳ್ಳಲ್ಲ. ಆದರೆ ಅದು ಹೊರಗಿನ ಅಪಾಯ ಕಟ್ಟಿಕೊಟ್ಟ ಒಗ್ಗಟ್ಟು. ಅಪಾಯ ಸರಿದೊಡನೆ ಗೆರೆ ಮತ್ತೆ ಒಳಗೆ ಬಂತು.

ಹಾಗಾದರೆ ಗೆರೆ ಇದ್ದೂ ಬಾಳುವುದು ಹೇಗೆ? ನಮ್ಮ ನಾಡಿನಲ್ಲೇ ಒಂದು ಉತ್ತರ ಕಲ್ಲಿನ ಮೇಲಿದೆ. ಶ್ರವಣಬೆಳಗೊಳದ ಭಂಡಾರಿ ಬಸದಿಯ 1368ರ ಬುಕ್ಕರಾಯನ ಶಾಸನವನ್ನು ನಾವು ಸಾಮಾನ್ಯವಾಗಿ ರಾಜನ ಔದಾರ್ಯಕ್ಕೆ ಸಾಕ್ಷಿಯಾಗಿ ಓದುತ್ತೇವೆ. ಶ್ರೀವೈಷ್ಣವರಿಂದ ಅನ್ಯಾಯವಾಯಿತೆಂದು ಜೈನರು ದೂರು ಕೊಟ್ಟರು. ರಾಜ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೆ ಭೇದವಿಲ್ಲವೆಂದ. ಪಂಚಮಹಾವಾದ್ಯ, ಕಲಶಗಳ ಹಕ್ಕು ಉಳಿಸಿಕೊಟ್ಟ. ಭಾಷಣಗಳಲ್ಲಿ ಇಷ್ಟೇ ಬರುತ್ತದೆ.

ಮುಂದಿನ ಸಾಲುಗಳಲ್ಲಿ ಲೆಕ್ಕವಿದೆ. ಪ್ರತಿ ಜೈನ ಮನೆಯಿಂದ ವರ್ಷಕ್ಕೆ ಒಂದು ಹಣ. ಅದನ್ನು ಪಡೆಯುವವರು ತಿರುಮಲೆಯ ತಾತಯ್ಯ, ಅಂದರೆ ವೈಷ್ಣವರು. ಆ ಹಣದಲ್ಲಿ ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ಅವರು ನೇಮಿಸಬೇಕು. ಉಳಿದದ್ದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಅನ್ಯಾಯಕ್ಕೊಳಗಾದವರೇ ಹಣ ಕೊಡಬೇಕಾಯಿತಲ್ಲ ಎಂದು ಯಾರಾದರೂ ಗೊಣಗಬಹುದು, ತಪ್ಪಿಲ್ಲ. ಆದರೆ ಬಸದಿಗೆ ಏನಾದರೂ ಆದರೆ ಉತ್ತರ ಹೇಳಬೇಕಾದವರು ಎದುರು ಪಕ್ಷದವರೇ ಎಂಬಂತಾಯಿತು. ಜಗಳವಾಡಿದ ಕೈಗೇ ಕಾವಲು.

1905ರ ವೇಳಾಪಟ್ಟಿಯಲ್ಲಿ ಕಾಣದಿರುವುದು ಇದು. ವೇಳಾಪಟ್ಟಿ ಸಮಯವನ್ನು ಹಂಚುತ್ತದೆ: ನೀವು ಹೋದ ಮೇಲೆ ನಾವು. ನ್ಯಾಯಾಲಯ ಹಕ್ಕನ್ನು ಹಂಚುತ್ತದೆ. ಇಬ್ಬರೂ ಸೇರಿ ಹೊರುವ ಭಾರವನ್ನು ಯಾವುದೂ ಹೊರಿಸುವುದಿಲ್ಲ. ಶಿರಪುರದ ಶಿಥಿಲ ಗೋಡೆಯ ದುರಸ್ತಿ, ಯಾತ್ರಿಕರ ಊಟ, ರಾತ್ರಿ ಕಾವಲು ಇವುಗಳನ್ನು ಒಂದೇ ಸಮಿತಿ ಒಂದೇ ಖಾತೆಯಿಂದ ನಡೆಸುವ ಮಾತನ್ನು ಎರಡೂ ಕಡೆಯ ಹಿರಿಯರು ಎತ್ತಬಹುದು. ಪೂಜಾವಿಧಿ ಬೇರೆಯೇ ಇರಲಿ. ಹುಬ್ಬಳ್ಳಿ, ಬೆಂಗಳೂರಿನಲ್ಲಿ ಎರಡೂ ಪಂಗಡದ ಕುಟುಂಬಗಳು ಅಕ್ಕಪಕ್ಕ ವ್ಯಾಪಾರ ಮಾಡಿಕೊಂಡಿವೆ. ಈ ಮಾತು ಮೊದಲು ಇಲ್ಲಿಂದಲೇ ಹೊರಟರೂ ಆಶ್ಚರ್ಯವಿಲ್ಲ.

ಬೆಳಗೊಳದ ಒಪ್ಪಂದವೂ ತಾನಾಗಿ ನಡೆಯಲಿಲ್ಲ. ಕಲ್ಲೇಹದ ಬುಸುವಿಸೆಟ್ಟಿ ಎಂಬ ಜೈನ ವ್ಯಾಪಾರಿ ರಾಜನಿಗೆ ಬಿನ್ನಹ ಮಾಡಿ, ತಾತಯ್ಯನವರನ್ನು ಕರೆಸಿ, ಅದನ್ನು ಜೀರ್ಣೋದ್ಧಾರ ಮಾಡಿಸಿದ. ಆತನಿಗೆ ಸಂಘನಾಯಕ ಪಟ್ಟ ಕಟ್ಟಿದವರು ಎರಡೂ ಪಕ್ಷದವರು.