ಹರಕೆಯ ಜೊತೆಗೆ ಆಸರೆಯೂ ಬೇಕು

ಪರೀಕ್ಷೆ ಹತ್ತಿರವಾದಂತೆ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ದೇವಸ್ಥಾನಗಳಲ್ಲಿ ಹಣ್ಣುಕಾಯಿಯ ತಟ್ಟೆಯೊಂದಿಗೆ ಹಾಲ್ ಟಿಕೆಟ್, ಪೆನ್ನುಗಳೂ ದೇವರ ಮುಂದೆ ಹೋಗುತ್ತವೆ. ಅಂತರಘಟ್ಟೆಯ ದುರ್ಗಮ್ಮನಿಗೋ ಕಲ್ಲತ್ತಿಗಿರಿಯ ವೀರಭದ್ರನಿಗೋ ತಾಯಂದಿರು ಹರಕೆ ಹೊರುತ್ತಾರೆ. ಮಕ್ಕಳ ಭಯಕ್ಕೆ ಮನೆಮಂದಿ ಕೊಡುವ ಮೊದಲ ಉತ್ತರ ಇದು. ಹಳಿಯುವಂಥದ್ದು ಇದರಲ್ಲಿ ಏನೂ ಇಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಇದೇ ಕೊನೆಯ ಉತ್ತರವೂ ಆಗಿಬಿಡುತ್ತದೆ; ಚಿಂತಿಸಬೇಕಾದ್ದು ಅದರ ಬಗ್ಗೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ಈ ಸಂಕಟ ಬೆಂಗಳೂರಿನದು, ಕೋಟಾದ್ದು ಎಂದು ನಾವು ಸುಮ್ಮನಿರುವಂತಿಲ್ಲ. ಮಳೆ ಕೈಕೊಟ್ಟ ವರ್ಷದ ಸಾಲ, ಅಡಿಕೆ–ತೆಂಗಿನ ದರದ ಏರಿಳಿತ, ಇಡೀ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗನೆಂಬ ಭಾರ, ಊರು ಬಿಟ್ಟು ಹಾಸ್ಟೆಲ್ ಸೇರಿದ ಒಂಟಿತನ ಇವೆಲ್ಲ ನಮ್ಮ ತಾಲ್ಲೂಕುಗಳ ಮಕ್ಕಳ ಹೆಗಲ ಮೇಲೂ ಇವೆ.

ಅಧ್ಯಾತ್ಮ ಇವರಿಗೆ ನೆರವಾಗಬಲ್ಲದೆ? ಆಗಬಲ್ಲದು. ಆದರೆ ಯಾವ ಬಗೆಯದು ಎಂಬುದೇ ಮುಖ್ಯ. ಕಷ್ಟಕಾಲದಲ್ಲಿ ನಂಬಿಕೆ ಕೆಲಸ ಮಾಡುವ ರೀತಿಯನ್ನು ಅಮೆರಿಕದ ಮನಃಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ದೇವರು ಜೊತೆಗಿದ್ದಾನೆ, ಈ ನೋವಿಗೂ ಒಂದು ಅರ್ಥವಿದೆ ಎಂದುಕೊಂಡವರಿಗೆ ನಂಬಿಕೆ ಬಲ ಕೊಡುತ್ತದೆ. ದೇವರು ಶಿಕ್ಷಿಸುತ್ತಿದ್ದಾನೆ, ಕೈಬಿಟ್ಟಿದ್ದಾನೆ ಎಂದುಕೊಂಡವರಲ್ಲಿ ಖಿನ್ನತೆ, ಆತಂಕಗಳು ಹೆಚ್ಚಾಗಿ ಕಾಣುತ್ತವೆ. ಫೇಲಾದ ಹುಡುಗಿಗೆ 'ನಿನ್ನ ಕರ್ಮ' ಎನ್ನುವುದು, ಊಟ ಬಿಟ್ಟು ಮಂಕಾಗಿ ಕೂತ ಹುಡುಗನಿಗೆ 'ಗಾಳಿ ಸೋಕಿದೆ' ಎಂದು ತಾಯಿತ ಕಟ್ಟಿಸಿ ಕೈತೊಳೆದುಕೊಳ್ಳುವುದು ಎರಡನೆಯ ದಾರಿಗೆ ನೂಕಿದಂತೆ.

ಅಧ್ಯಾತ್ಮವನ್ನು ವೇಳಾಪಟ್ಟಿಗೆ ಸೇರಿಸಿದರೂ ಕೆಲಸ ಮುಗಿಯುವುದಿಲ್ಲ. ಶಾಲೆ, ಪಿಯು ಕಾಲೇಜುಗಳಲ್ಲಿ ದಿನವೂ 10 ನಿಮಿಷ ಧ್ಯಾನ ಮಾಡಿಸುವಂತೆ 2022ರ ನವೆಂಬರಿನಲ್ಲಿ ರಾಜ್ಯದ ಅಂದಿನ ಶಿಕ್ಷಣ ಸಚಿವರು ಸೂಚಿಸಿದ್ದರು. ಬ್ರಿಟನ್ನಿನ 85 ಶಾಲೆಗಳ 8,000ಕ್ಕೂ ಹೆಚ್ಚು ಮಕ್ಕಳ ನಡುವೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ ಅದೇ ವರ್ಷ ಹೊರಬಂದಿತ್ತು. ಧ್ಯಾನದ ಪಾಠ ಹೇಳಿಸಿಕೊಂಡ ಮಕ್ಕಳ ಮಾನಸಿಕ ಆರೋಗ್ಯ ಉಳಿದವರಿಗಿಂತ ಉತ್ತಮವಾಗಿರಲಿಲ್ಲ. ಬಹುತೇಕರು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ತಾನಾಗಿ ಒಲಿದು ಮಾಡುವ ಧ್ಯಾನಕ್ಕೂ ಗಂಟೆ ಹೊಡೆದು ಕಣ್ಣು ಮುಚ್ಚಿಸುವುದಕ್ಕೂ ಇರುವ ಅಂತರ ದೊಡ್ಡದು.

ಹಾಗಾದರೆ ನಿಜಕ್ಕೂ ಕೈಹಿಡಿಯುವ ಅಧ್ಯಾತ್ಮ ಹೇಗಿರುತ್ತದೆ? ಉತ್ತರಕ್ಕೆ ದೂರ ಹೋಗಬೇಕಿಲ್ಲ. ಇದೇ ಚಿಕ್ಕಮಗಳೂರು ಜಿಲ್ಲೆಯ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿ ಕುಪ್ಪಳಿಯಲ್ಲಿ ಬೆಳೆದ ಕುವೆಂಪು, ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡವರು. ಓದಲು ಮೈಸೂರಿಗೆ ಹೋದ ಆ ಮಲೆನಾಡಿನ ಹುಡುಗನನ್ನು ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು ಹತ್ತಿರಕ್ಕೆ ಕರೆದುಕೊಂಡರು. ಅಲ್ಲಿ ಸಿಕ್ಕಿದ್ದು ಬರೀ ಉಪದೇಶವಲ್ಲ. ಇರಲು ಜಾಗ, ಆರೈಕೆ, ಮಾತು ಕೇಳುವ ಹಿರಿಯ ಜೀವ. 1929ರಲ್ಲಿ ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದ ಕವಿಯೇ ಮುಂದೆ 'ಆತ್ಮಶ್ರೀಗಾಗಿ ನಿರಂಕುಶಮತಿಗಳಾಗಿ' ಎಂದು ಯುವಜನರಿಗೆ ಕರೆಕೊಟ್ಟರು. ಆಸರೆ ಕೊಟ್ಟ ಅಧ್ಯಾತ್ಮ ಅವರ ಪ್ರಶ್ನೆಗಳ ಬಾಯಿ ಮುಚ್ಚಿಸಲಿಲ್ಲ. ನಮ್ಮ ಮಕ್ಕಳು ಪದವಿ ಪಡೆಯುವ, ಶಂಕರಘಟ್ಟದ ವಿಶ್ವವಿದ್ಯಾಲಯ ಅವರದೇ ಹೆಸರು ಹೊತ್ತಿದೆ. ಅದು ಹೆಸರಿಗಷ್ಟೇ ನಿಲ್ಲಬಾರದು.

ನಂಬಿಕೆ ಎಲ್ಲ ಕಾಯಿಲೆಗೂ ಚಿಕಿತ್ಸೆಯಲ್ಲ ಎಂಬುದನ್ನು ನಾವು ಭಾರೀ ಬೆಲೆ ತೆತ್ತು ಕಲಿತಿದ್ದೇವೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಕೃಪೆಯಿಂದ ಗುಣವಾಗಲೆಂದು ಕರೆತಂದು ಸರಪಳಿಯಲ್ಲಿ ಕಟ್ಟಿಹಾಕಿದ್ದ ಮನೋರೋಗಿಗಳು ಬೆಂಕಿಗೆ ಸಿಲುಕಿ 28 ಮಂದಿ ಸತ್ತರು. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾ ಬೇರೆ ದಾರಿ ತೋರಿಸಿತು. 'ದವಾ–ದುವಾ' ಎಂಬ ಅಲ್ಲಿನ ಏರ್ಪಾಟಿನಲ್ಲಿ ಪ್ರಾರ್ಥನೆಗೆ ಬಂದವರನ್ನು ಮುಜಾವರರೇ ಮನೋವೈದ್ಯರ ಬಳಿಗೆ ಕಳಿಸುತ್ತಾರೆ. ಯಾರೂ ದೇವರನ್ನು ಬಿಡಬೇಕಾಗಿಲ್ಲ, ಔಷಧಿಯನ್ನೂ ಬಿಡಬೇಕಾಗಿಲ್ಲ.

ನಮ್ಮಲ್ಲೂ ಇದು ಆಗಬೇಕು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರಿರಬೇಕು, ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ನೆರವು ಪಡೆಯಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ನಿರ್ದೇಶಿಸಿದೆ. ಅದು ಬೆಂಗಳೂರಿನ ಕಾಲೇಜಿನಷ್ಟೇ ಅಜ್ಜಂಪುರದ ಕಾಲೇಜಿಗೂ ಅನ್ವಯಿಸುತ್ತದೆ. ಪೋಷಕರ ಸಭೆಗಳಲ್ಲಿ ಅಂಕದ ಲೆಕ್ಕದ ಜೊತೆ ಈ ಹುದ್ದೆಯ ಬಗ್ಗೆಯೂ ಕೇಳಬೇಕು. ಹಾಸ್ಟೆಲ್ ವಾರ್ಡನ್‌ಗಳಿಗೆ, ಮಠ–ದೇವಸ್ಥಾನ–ದರ್ಗಾ–ಚರ್ಚುಗಳ ಹಿರಿಯರಿಗೆ, ಮಕ್ಕಳಲ್ಲಿ ಕಾಣುವ ಅಪಾಯದ ಸೂಚನೆ ಗುರುತಿಸುವ ತರಬೇತಿ ಸಿಗಬೇಕು. ಹಗಲಿರುಳೂ ನಡೆಯುವ ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ದೇವಸ್ಥಾನದ ಫಲಕದಲ್ಲೂ ಬರೆಸಬಹುದು. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಮನಸ್ಸನ್ನು ಹಿಗ್ಗಿಸುವ ಅನುಭವಕ್ಕೆ ಗುಡಿಯೊಂದೇ ದಾರಿಯಲ್ಲ. ಕೆಮ್ಮಣ್ಣುಗುಂಡಿಯ ಕಾಡಿನಲ್ಲಿ 168 ಮೀಟರ್ ಎತ್ತರದಿಂದ ಎರಡು ಹಂತವಾಗಿ ಧುಮುಕುವ ಹೆಬ್ಬೆ ಜಲಪಾತದ ಎದುರು ನಿಂತ ಹುಡುಗನಿಗೆ ತನಗಿಂತ ದೊಡ್ಡದೊಂದು ಇದೆ ಎಂದು ಯಾರೂ ಬೋಧಿಸಬೇಕಾಗಿಲ್ಲ. ಹೊರಗಿನ ಪ್ರವಾಸಿಗರು ಹುಡುಕಿಕೊಂಡು ಬರುವ ಈ ತಾಣವನ್ನು ಪಕ್ಕದ ಊರಿನ ಎಷ್ಟೋ ಮಕ್ಕಳು ಕಂಡೇ ಇಲ್ಲ. ಅರಣ್ಯ ಇಲಾಖೆಯ ನಿಯಮದೊಳಗೆ, ಅಂಕವಿಲ್ಲದ, ವರದಿ ಬರೆಯಬೇಕಿಲ್ಲದ ಒಂದು ದಿನದ ನಡಿಗೆಯನ್ನು ಶಾಲೆಗಳು ಏರ್ಪಡಿಸಲಿ.

ಮಗುವಿನ ಬೆಲೆ ಅದರ ಅಂಕಪಟ್ಟಿಗಿಂತ ಹೆಚ್ಚು ಎಂದು ಎಲ್ಲ ಧರ್ಮಗಳೂ ತಮ್ಮ ತಮ್ಮ ಮಾತಿನಲ್ಲಿ ಹೇಳುತ್ತವೆ. ಆ ಮಾತನ್ನು ನಾವು ನಂಬಿದ್ದೇವೆಯೇ ಎಂಬುದು ಗೊತ್ತಾಗುವುದು ಫಲಿತಾಂಶದ ದಿನ, ಸೋತು ಬಂದ ಮಗುವಿನ ಎದುರು. ಅಂದು ಬೈಗುಳ ನುಂಗಿಕೊಂಡು ಪಕ್ಕದಲ್ಲಿ ಕೂರುವ ಅಪ್ಪ–ಅಮ್ಮ, ಮರುದಿನ ಮನೆಗೇ ಬಂದು ವಿಚಾರಿಸುವ ಮೇಷ್ಟರು, ಅಗತ್ಯ ಬಿದ್ದರೆ ವೈದ್ಯರ ಬಳಿಗೆ ಕರೆದೊಯ್ಯುವ ಧೈರ್ಯ, ಇವು ಇದ್ದರೆ ಹೊತ್ತ ಹರಕೆಗೂ ಅರ್ಥ ಬರುತ್ತದೆ.